ಅಕ್ಕನ ಗಾಡಿಗೆ ಬರೆದ ಬೋರ್ಡು

ದಾವಣಗೆರೆಯಲ್ಲಿ ತಿಂಡಿ ಗಾಡಿಗಳಿಗೆ ಬೋರ್ಡು ಬರೆದು ಹೊಟ್ಟೆ ಹೊರೆದವನು ನಾನು. ಊರವರಿಗೆಲ್ಲ ನೆಟ್ಟಗೆ ಬರೆದುಕೊಟ್ಟೆ. ನನ್ನ ಒಬ್ಬಳೇ ಅಕ್ಕ ಹರಿಹರದಲ್ಲಿ ಮಂಡಕ್ಕಿ ಗಾಡಿ ಹಾಕಿದಾಗ ಅವಳ ಬೋರ್ಡನ್ನು ಮಾತ್ರ ಮಾಡಬೇಕಾದ ಹಾಗೆ ಮಾಡಲಿಲ್ಲ. ಆ ಬೋರ್ಡಿನಿಂದಲೇ ಅವಳ ವ್ಯಾಪಾರ ಕೆಡುತ್ತಿದೆ ಎಂದು ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ತಪ್ಪೆಲ್ಲ ತನ್ನ ಕೈಯದೇ ಎಂದುಕೊಂಡು ಅವಳು ಒಳಗೊಳಗೇ ಕುಗ್ಗುತ್ತಿದ್ದಳು. ನಾನು ಎದುರಿಗೆ ಕೂತು ಅವಳು ಕೊಟ್ಟ ಚಹಾ ಕುಡಿದು ಎದ್ದು ಬರುತ್ತಿದ್ದೆ.

ನಾನು ಶಾಲೆಗೆ ಹೋದದ್ದು ಏಳನೆಯ ತರಗತಿಯವರೆಗೆ. ಇಷ್ಟುದ್ದ ಪೆನ್ನು ಹಿಡಿದು ಬರೆಯುತ್ತಿರುವುದು ಇದೇ ಮೊದಲು, ಹಾಗಾಗಿ ಹಿಂದುಮುಂದಾದರೆ ಓದುವವರು ಸಹಿಸಿಕೊಳ್ಳಬೇಕು. ನಮ್ಮದು ಆನಗೋಡಿನ ಕಡೆಯ ಮನೆತನ. ಇದ್ದ ತುಂಡು ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಹೋದ ಮೇಲೆ ಅಪ್ಪ ದಾವಣಗೆರೆಗೆ ಬಂದು ಹಮಾಲಿ ಮಾಡಿದ. ಅವ್ವ ಮಂಡಕ್ಕಿ ಒಗ್ಗರಣೆ ಹಾಕಿದರೆ ವಠಾರದವರೆಲ್ಲ ಬಾಗಿಲಿಗೆ ಬರುತ್ತಿದ್ದರು. ಒಣಮೆಣಸಿನಕಾಯಿಯನ್ನು ಹಂಚಿನ ಮೇಲೆ ಹುರಿದು ಕಪ್ಪಾಗುವ ಮೊದಲೇ ಇಳಿಸಿ, ಸಿಪ್ಪೆ ಸಮೇತ ಬೆಳ್ಳುಳ್ಳಿ ಹಾಕಿ ಕುಟ್ಟಿದ ಒಂದು ಖಾರ ಅವಳದು. ಅದನ್ನು ಅಳತೆಯಿಲ್ಲದೆ ಕೈಯಲ್ಲೇ ಹಾಕುತ್ತಿದ್ದಳು. ಆ ಕೈ ಅಕ್ಕನಿಗೆ ಬಂತು.

ಶಾಲೆ ಬಿಟ್ಟು ಬೀದಿ ಸುತ್ತುತ್ತಿದ್ದ ನನ್ನನ್ನು ಹಳೇ ಪೇಟೆಯ ಒಬ್ಬ ಪೇಂಟರ್ ಸಾಹೇಬರ ಹತ್ತಿರ ಕರೆದುಕೊಂಡು ಹೋದದ್ದೂ ಅಕ್ಕನೇ. ಅವಳಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. "ಇವನ ಅಕ್ಷರ ಚಲೋ ಅದಾವ್ರಿ. ಬಾಕಿ ಯಾವುದೂ ಚಲೋ ಇಲ್ಲ" ಎಂದು ಹೇಳಿ ನನ್ನನ್ನು ಅಲ್ಲಿ ಬಿಟ್ಟು ಹೋದಳು. ಸಾಹೇಬರು ನಕ್ಕು ನನ್ನ ಕೈಗೆ ಒಂದು ಹಳೆ ಬ್ರಷ್ಷು ಕೊಟ್ಟರು. ಅಂದಿನಿಂದ ಅವರು ನನಗೆ ಉಸ್ತಾದ್.

ಉಸ್ತಾದರು ಬಟ್ಟೆ ಅಂಗಡಿ, ಟೈಲರ್ ಅಂಗಡಿ, ಟ್ರಾಕ್ಟರ್ ಟ್ರೇಲರ್ ಎಲ್ಲಕ್ಕೂ ಬರೆಯುತ್ತಿದ್ದರು. ಆದರೆ ತಿಂಡಿಯ ಬೋರ್ಡೇ ಕಷ್ಟದ್ದು ಎನ್ನುತ್ತಿದ್ದರು. "ಬಟ್ಟೆ ತಗೊಳ್ಳೋನು ನಿಂತು ಓದ್ತಾನೆ ಬೇಟಾ. ಹಸಿದೋನು ಓದಂಗಿಲ್ಲ, ಬರೇ ನೋಡ್ತಾನೆ" ಎಂಬುದು ಅವರ ಮಾತು. ನೋಡಿದ ಕ್ಷಣಕ್ಕೆ ಬಾಯಲ್ಲಿ ನೀರು ಬರಬೇಕು, ಅಲ್ಲಿಗೆ ಬೋರ್ಡಿನ ಕೆಲಸ ಮುಗಿಯಿತು. ಹಾಗಾಗಿ ಮೊದಲು ತಿಂಡಿಯ ಹೆಸರು, ಗೇಣುದ್ದದ ಅಕ್ಷರದಲ್ಲಿ. ದೇವರ ಹೆಸರು, ಮಾಲೀಕನ ಹೆಸರು, ಮಗನ ಹೆಸರು ಎಲ್ಲ ಮೂಲೆಗೆ. ಕರಿದ ತಿಂಡಿಗೆ ಹಳದಿ ನೆಲದ ಮೇಲೆ ಕೆಂಪು ಅಕ್ಷರ. ಕಬ್ಬಿನ ಹಾಲಿಗೆ ಹಸಿರು. ನೀಲಿ ಬಣ್ಣವನ್ನು ಅವರು ಔಷಧಿ ಅಂಗಡಿಗೆ ಬಿಟ್ಟುಕೊಟ್ಟಿದ್ದರು; ನೀಲಿ ಕಂಡರೆ ಹಸಿವು ಸಾಯುತ್ತದಂತೆ. ಅಕ್ಷರಕ್ಕೆ ನೆರಳು ಕೊಡುವುದು, ಬಳ್ಳಿ ಬಿಡಿಸುವುದು ನನಗೆ ಇಷ್ಟವಾಗಿತ್ತು. ಅವರು ಅದನ್ನೆಲ್ಲ ಚಿಂದಿಯಲ್ಲಿ ಒರೆಸಿ ತೆಗೆಯುತ್ತಿದ್ದರು.

ಕನ್ನಡ ಅಕ್ಷರಕ್ಕೆ ಜಾಗ ಜಾಸ್ತಿ ಬೇಕು ಎಂದು ಕಲಿಸಿದವರೂ ಅವರೇ. ಮನೆಯಲ್ಲಿ ಅವರು ಆಡುತ್ತಿದ್ದದ್ದು ಉರ್ದು. ಇಂಗ್ಲಿಷ್ ಅಕ್ಷರ ಗೆರೆಯ ಮೇಲೆ ಸುಮ್ಮನೆ ಕೂತುಬಿಡುತ್ತದೆ. ನಮ್ಮದಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಮಂಡಕ್ಕಿ ಎಂದು ಬರೆದರೆ ಕೆಳಗಿನ ಒತ್ತು ಜೋತುಬಿದ್ದು ಮುಂದಿನ ಸಾಲಿನ ತಲೆ ಮುಟ್ಟುತ್ತದೆ. ಎರಡು ಸಾಲಿನ ನಡುವೆ ಗಾಳಿ ಆಡಬೇಕು, ಇಲ್ಲದಿದ್ದರೆ ದೂರದಿಂದ ಎಲ್ಲ ಸೇರಿ ಒಂದು ಕೆಂಪು ಮುದ್ದೆಯಾಗಿ ಕಾಣುತ್ತದೆ. ಬರೆದಾದ ಮೇಲೆ ರಸ್ತೆಯ ಆಚೆ ನಿಂತು ಕಣ್ಣು ಅರ್ಧ ಮುಚ್ಚಿ ನೋಡಬೇಕು. ಆಗ ಏನು ಉಳಿಯುತ್ತದೋ ಅದೇ ಬೋರ್ಡು.

ಇನ್ನೊಂದು ಪಾಠವಿತ್ತು. ಹಳೆಯ ತಗಡಿನ ಮೇಲೆ ಬರೆಯುವುದಾದರೆ ಹಿಂದಿನ ಅಕ್ಷರಗಳನ್ನು ಕೆರೆದು, ತಗಡು ಕಾಣುವವರೆಗೆ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಒಣಗಿಸಿ, ಆಮೇಲೆ ನೆಲದ ಬಣ್ಣ ಹಚ್ಚಬೇಕು. ಎನಾಮೆಲ್ ಬಣ್ಣ ಒಣಗಿದರೆ ಅದಕ್ಕೊಂದು ದಪ್ಪ ಬರುತ್ತದೆ. ಮೇಲೆ ಎಷ್ಟು ಬಣ್ಣ ಬಳಿದರೂ ಹಳೆಯ ಅಕ್ಷರ ಕೆಳಗೆ ಗೆರೆಗೆರೆಯಾಗಿ ಎದ್ದು ನಿಂತಿರುತ್ತದೆ. ಹಗಲಲ್ಲಿ ಕಾಣುವುದಿಲ್ಲ. ಉಸ್ತಾದರು ಅಂಗಡಿಯ ಬಾಗಿಲು ಎಳೆದು ಕತ್ತಲು ಮಾಡಿ, ಬ್ಯಾಟರಿ ಹಚ್ಚಿ ತಗಡಿನ ಅಂಚಿನಿಂದ ಬೆಳಕು ಬಿಡುತ್ತಿದ್ದರು. ಓರೆ ಬೆಳಕಿಗೆ ಸತ್ತ ಅಕ್ಷರಗಳೆಲ್ಲ ಎದ್ದು ಬರುತ್ತಿದ್ದವು. ಬಂದರೆ ಮತ್ತೆ ಉಜ್ಜು. ನನ್ನ ಬೆರಳ ತುದಿಗಳು ಆ ಉಜ್ಜುವ ಕಾಗದದಲ್ಲೇ ಸವೆದಿವೆ.

ಉಸ್ತಾದರು ತೀರಿಕೊಂಡ ಮೇಲೆ ನಾನೇ ಸಣ್ಣದೊಂದು ಶೆಡ್ಡು ಮಾಡಿಕೊಂಡೆ. ಎಂ.ಸಿ.ಸಿ. ಬಡಾವಣೆಯಲ್ಲಿ ಸಂಜೆ ಹೊತ್ತು ನಿಲ್ಲುವ ಗಾಡಿಗಳಲ್ಲಿ ಒಂದು ಕಾಲಕ್ಕೆ ನನ್ನ ಕೈಯ ಅಕ್ಷರಗಳೇ ಇದ್ದವು. ಅಲ್ಲೊಬ್ಬ ದೋಸೆಯವನು ತನ್ನ ಬೋರ್ಡಿನಲ್ಲಿ ಇಡ್ಲಿಯಿಂದ ಹಿಡಿದು ಗೋಬಿಯವರೆಗೆ ಎಲ್ಲ ಬರೆಯಿಸಬೇಕೆಂದು ಬಂದಿದ್ದ. ಎಲ್ಲ ಸಿಗುವ ಕಡೆ ಯಾವುದೂ ಚೆನ್ನಾಗಿರುವುದಿಲ್ಲ ಎಂದುಕೊಂಡು ಜನ ಮುಂದೆ ಹೋಗುತ್ತಾರೆ, ಬೈಕು ನಿಲ್ಲಿಸುವುದು ಒಂದು ಹೆಸರಿಗೆ ಮಾತ್ರ ಎಂದು ಅವನಿಗೆ ಹೇಳಿ ಒಪ್ಪಿಸುವುದರಲ್ಲಿ ಒಂದು ಮಧ್ಯಾಹ್ನ ಕಳೆಯಿತು. ಕೊನೆಗೆ ಬೆಣ್ಣೆ ದೋಸೆ ಎಂದಷ್ಟೇ ಬರೆದೆ. ಆಮೇಲೆ ಅವನು ತನ್ನ ಭಾವಮೈದುನನನ್ನೂ ನನ್ನ ಹತ್ತಿರ ಕಳಿಸಿದ.

ಅಷ್ಟರಲ್ಲಿ ಫ್ಲೆಕ್ಸ್ ಬಂದಿತ್ತು. ಬೆಳಿಗ್ಗೆ ಹೇಳಿದರೆ ಸಂಜೆಗೆ ಕೈಗೆ ಸಿಗುತ್ತದೆ, ತಿಂಡಿಯ ಫೋಟೋವನ್ನೂ ಹಾಕಿಕೊಡುತ್ತಾರೆ. ನನ್ನ ಗಿರಾಕಿಗಳು ಒಬ್ಬೊಬ್ಬರೇ ಅತ್ತ ಹೋದರು. ಕೆಲವರು ಹಳೆ ಬೋರ್ಡು ಬಿಚ್ಚಿ ನನ್ನ ಶೆಡ್ಡಿಗೇ ತಂದು ಹಾಕಿ, ತಗಡು ಉಪಯೋಗವಾದರೆ ಆಗಲಿ ಎಂದು ಹೋಗುತ್ತಿದ್ದರು. ನನ್ನದೇ ಅಕ್ಷರಗಳು ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತಿರುತ್ತಿದ್ದವು. ಅವನ್ನು ನೋಡಿ ನೋಡಿ ನನಗೆ ಫ್ಲೆಕ್ಸ್ ಎಂದರೆ ಮೈ ಉರಿಯುವಂತಾಗಿತ್ತು.

ಅಕ್ಕ ಗಾಡಿ ಹಾಕಿದ್ದು ಆ ದಿನಗಳಲ್ಲಿ. ಹರಿಹರದಲ್ಲಿ ಭಾವನಿಗೆ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸವಿತ್ತು, ಅದು ಕರೆದಾಗ ಉಂಟು ಇಲ್ಲದಾಗ ಇಲ್ಲ ಎನ್ನುವ ಹಾಗಾಯಿತು. ನಂದಿಗುಡಿ ಕಡೆಯ ಬಸ್ಸುಗಳು ನಿಲ್ಲುವ ಜಾಗದಲ್ಲಿ, ಒಬ್ಬ ಹೂವಿನಾಕೆಯ ಪಕ್ಕ, ಅಕ್ಕ ಸಂಜೆ ಹೊತ್ತು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಲು ನಿಂತಳು. ಆ ಕಡೆಯ ಮಠಕ್ಕೆ ಹೋಗಿ ಬರುವವರು, ಪೇಟೆ ಮುಗಿಸಿ ಊರಿಗೆ ಹೊರಟವರು, ಕಾಲೇಜಿನ ಹುಡುಗಿಯರು ಬಸ್ಸು ಕಾಯುತ್ತ ನಿಲ್ಲುವ ಜಾಗ ಅದು. ಭಾವ ಆಗಲೇ ಫ್ಲೆಕ್ಸ್ ಅಂಗಡಿಗೆ ಹೋಗಿ ಬಜ್ಜಿಯ ಫೋಟೋ ಆರಿಸಿ ಬಂದಿದ್ದರು.

ನನಗೆ ಅದು ಗೊತ್ತಾದದ್ದೇ ತಡ, ಹರಿಹರಕ್ಕೆ ಹೋಗಿ ರಂಪ ಮಾಡಿದೆ. ತಮ್ಮ ಪೇಂಟರ್ ಇರುವಾಗ ಅಕ್ಕನ ಗಾಡಿಗೆ ಪ್ಲಾಸ್ಟಿಕ್ ತೂಗಿದರೆ ಜನ ಏನಂದಾರು ಎಂದೆ. ಅಕ್ಕ ನನ್ನ ಮುಖ ನೋಡಿ ನಕ್ಕಳು.

"ಆತು ಬಿಡೋ ಮಾರಾಯ, ಫ್ಲೆಕ್ಸ್ ಬ್ಯಾಡ. ನೀನೇ ಬರಿ. ಆದ್ರ ನನ್ನ ಮೊಮ್ಮಕ್ಕಳ ಕಾಲಕ್ಕೆ ತಂದುಕೊಡಬ್ಯಾಡ."

ನಮ್ಮ ಕಸುಬಿನವರಲ್ಲಿ ಒಂದು ರೂಢಿ ಇದೆ, ಒಳ್ಳೆಯದಲ್ಲ. ಮನೆಯವರ ಕೆಲಸ ಎಲ್ಲರದ್ದಾದ ಮೇಲೆ. ಹೊರಗಿನವನು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಮನೆಯವರು ನಿಲ್ಲುವುದಿಲ್ಲ. ಇವತ್ತು ನಾಳೆ ಎನ್ನುತ್ತ ನಾನು ದಿನ ತಳ್ಳಿದೆ. ಅಕ್ಕ ಬೋರ್ಡಿಲ್ಲದೆಯೇ ಗಾಡಿ ನಡೆಸಿದಳು. ಒಗ್ಗರಣೆಯ ವಾಸನೆಯೇ ಅವಳ ಬೋರ್ಡಾಗಿತ್ತು. ಫೋನು ಮಾಡಿದಾಗಲೆಲ್ಲ ಬೋರ್ಡಿಗೆ ಬಣ್ಣ ಒಣಗುತ್ತಿದೆ ಎಂದು ಹೇಳುತ್ತಿದ್ದೆ. ಬ್ರಷ್ಷು ಇನ್ನೂ ಮುಟ್ಟಿರಲಿಲ್ಲ.

ಕೊನೆಗೊಂದು ದಿನ ಭಾವ ಬೇರೆ ಏನೋ ಕೆಲಸಕ್ಕೆ ದಾವಣಗೆರೆಗೆ ಬರುವವರಿದ್ದರು, ಬರುವಾಗ ಬೋರ್ಡು ತೆಗೆದುಕೊಂಡು ಹೋಗುತ್ತೇನೆ ಎಂದರು. ಹಿಂದಿನ ದಿನ ಗಡಿಬಿಡಿಯಲ್ಲಿ ಗೋಡೆಗೆ ಒರಗಿದ್ದ ತಗಡುಗಳಲ್ಲಿ ಅಳತೆಗೆ ಸರಿಯಾದದ್ದನ್ನು ಎಳೆದೆ. ಮುಚ್ಚಿಹೋದ ಒಂದು ಎಗ್ ರೈಸ್ ಗಾಡಿಯದು ಅದು. ಅದರ ಮಾಲೀಕ ಅಕ್ಷರ ದಪ್ಪ ಬೇಕೆಂದು ಹಟ ಹಿಡಿದಿದ್ದರಿಂದ ನಾನೇ ಮೇಲಿಂದ ಮೇಲೆ ಬಣ್ಣ ಕೊಟ್ಟು ಬರೆದಿದ್ದೆ. ಎಗ್ ರೈಸ್, ಆಮ್ಲೆಟ್. ಕೈಯಾಡಿಸಿದರೆ ಕುರುಡನಿಗೂ ಓದಲು ಬರುವಷ್ಟು ದಪ್ಪ.

ಉಜ್ಜಬೇಕು ಎಂದು ಗೊತ್ತಿತ್ತು. ಒಂದೆರಡು ಸಲ ಕಾಗದ ಆಡಿಸಿದೆ, ಧೂಳು ಒರೆಸಿದೆ, ಮೇಲೆ ನೇರವಾಗಿ ಹಳದಿ ಬಳಿದೆ. ಆ ದಿನವೇ ಕೊಡಬೇಕಾದ ಇನ್ನೊಬ್ಬರ ಕೆಲಸ ಪಕ್ಕದಲ್ಲಿತ್ತು, ಅದಕ್ಕೆ ಹೊಸ ತಗಡು, ಒಳ್ಳೆಯ ಪ್ರೈಮರ್. ಅಕ್ಕನದು ತಾನೇ, ನಡೆಯುತ್ತದೆ ಎಂದುಕೊಂಡೆ. ಮರೆವಿನಿಂದಾದದ್ದಲ್ಲ ಅದು. ಗೊತ್ತಿದ್ದು ಬಿಟ್ಟದ್ದು.

ಅಕ್ಷರಗಳು ಮಾತ್ರ ಚೆನ್ನಾಗಿ ಬಂದವು. ಮಂಡಕ್ಕಿ ಮೇಲೆ, ಮಿರ್ಚಿ ಕೆಳಗೆ, ನಡುವೆ ಬೇಕಾದಷ್ಟು ಜಾಗ. ಹಗಲ ಬೆಳಕಿಗೆ ನೋಡಿದರೆ ಯಾವ ದೋಷವೂ ಇರಲಿಲ್ಲ. ಭಾವ ಅದನ್ನು ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದರು. ಅಕ್ಕ ಫೋನು ಮಾಡಿ, ಹೂವಿನಾಕೆ ಬೋರ್ಡಿಗೊಂದು ಮೊಳ ಹೂ ಏರಿಸಿದಳೆಂದೂ ಭಾವ ಕಾಯಿ ಒಡೆದರೆಂದೂ ಹೇಳಿದಳು. ದಿನಾ ಗಾಡಿ ತೆರೆಯುವ ಮೊದಲು ಅದನ್ನು ಬಟ್ಟೆಯಿಂದ ಒರೆಸುತ್ತಿದ್ದಳು ಎಂದು ಆಮೇಲೆ ತಿಳಿಯಿತು. ಒರೆಸಿದ ಬಟ್ಟೆ ಎಣ್ಣೆಯದು. ಒಲೆಯ ಮಸಿ, ಎಣ್ಣೆಯ ಜಿಡ್ಡು ನಿಧಾನವಾಗಿ ಹಳೆಯ ಅಕ್ಷರಗಳ ಅಂಚಿನಲ್ಲಿ ಕೂತವು.

ಚಳಿಗಾಲ ಬಂದು ಬೇಗ ಕತ್ತಲಾಗತೊಡಗಿದಾಗ ಬೋರ್ಡು ಕಾಣುತ್ತಿಲ್ಲ ಎಂದು ಅಕ್ಕ ಹೇಳಿದಳು. ತಡ ಮಾಡಿದ ಪಾಪಕ್ಕೆ ಇದಾದರೂ ಬೇಗ ಮಾಡೋಣ ಎಂದು ನಾನೇ ಹೋಗಿ ಒಂದು ಟ್ಯೂಬ್‌ಲೈಟ್ ಹಾಕಿದೆ. ಬೋರ್ಡಿನ ನೆತ್ತಿಗೆ ಅಂಟಿದ ಹಾಗೆ, ಬೆಳಕು ಮೇಲಿಂದ ಕೆಳಕ್ಕೆ ಸವರಿಕೊಂಡು ಬೀಳುವಂತೆ. ಹಗಲಲ್ಲೇ ಹಾಕಿ ಹಗಲಲ್ಲೇ ವಾಪಸು ಬಂದೆ.

ಅದಾದ ಮೇಲೆ ವ್ಯಾಪಾರ ಇಳಿಯಿತು. ಮೊದಮೊದಲು ಅಕ್ಕ ಅದನ್ನು ತಮಾಷೆಯಾಗಿಯೇ ಹೇಳುತ್ತಿದ್ದಳು. ಯಾರೋ ಹುಡುಗರು ಬಂದು ಡಬಲ್ ಆಮ್ಲೆಟ್ ಹಾಕಕ್ಕಾ ಎಂದರಂತೆ. ಕೋಳಿ ಇನ್ನೂ ಗಾಡಿಗೆ ಬಂದಿಲ್ಲ, ಬಂದ ಕೂಡಲೇ ಹೇಳಿಕಳಿಸ್ತೀನಿ ಎಂದು ಇವಳು ಉತ್ತರ ಕೊಟ್ಟಳಂತೆ. ನಾವೆಲ್ಲ ನಕ್ಕೆವು. ಆಮೇಲೆ ನಗು ಕಡಿಮೆಯಾಯಿತು. ಮಠದ ಕಡೆಯ ಮಂದಿ, ಸೋಮವಾರ ಒಪ್ಪೊತ್ತು ಮಾಡುವ ಹೆಂಗಸರು ಗಾಡಿಯ ಹತ್ತಿರ ಬಂದವರೂ ಹಾಗೇ ಹಿಂದೆ ಸರಿಯುತ್ತಿದ್ದರು. ಯಾಕೆಂದು ಯಾರೂ ಹೇಳುತ್ತಿರಲಿಲ್ಲ. ಮೊಟ್ಟೆ ತಿನ್ನದವರು ಜಗಳ ಮಾಡುವುದಿಲ್ಲ, ಸುಮ್ಮನೆ ಬೇರೆ ಕಡೆ ಹೋಗುತ್ತಾರೆ ಅಷ್ಟೆ. ಅಕ್ಕ ಗಾಡಿಯ ಹಿಂದೆ ಒಲೆಯ ಮುಂದೆ ನಿಂತವಳು. ತನ್ನ ಬೋರ್ಡು ಸಂಜೆ ಹೊತ್ತು ರಸ್ತೆಗೆ ಹೇಗೆ ಕಾಣುತ್ತದೆ ಎಂದು ಅವಳಿಗೆ ಹೇಗೆ ತಿಳಿಯಬೇಕು? ಪಕ್ಕದ ಹೂವಿನಾಕೆಗೆ ಓದಲು ಬರುವುದಿಲ್ಲ. ಭಾವ ಗಾಡಿ ತಳ್ಳಿಕೊಟ್ಟು ಸಿಕ್ಕ ಪಾಳಿಗೋ ಕೂಲಿಗೋ ಹೋಗಿ, ದೀಪ ಆರಿಸಿದ ಮೇಲೆ ಬರುವವರು.

ನನಗೆ ಗೊತ್ತಾದದ್ದು ಬಸ್ಸಿನಲ್ಲಿ. ನಂದಿಗುಡಿಯಲ್ಲಿ ಒಂದು ಭತ್ತದ ಮಿಲ್ಲಿನ ಗೋಡೆ ಬರೆದು ಸಂಜೆ ವಾಪಸು ಬರುತ್ತಿದ್ದೆ. ಹರಿಹರದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಅಕ್ಕನ ಗಾಡಿ ಕಂಡಿತು. ಮಂಡಕ್ಕಿ ಮಿರ್ಚಿ ಎಂಬ ಕೆಂಪಿನ ಕೆಳಗಿಂದ, ಹಳದಿಯ ಒಳಗಿಂದ, ಮಸಿ ಬಳಿದ ಹಾಗೆ ಇನ್ನೊಂದು ಸಾಲು ಎದ್ದು ನಿಂತಿತ್ತು. ಎಗ್ ರೈಸ್. ನನ್ನದೇ ಅಕ್ಷರ, ನಾನೇ ಹಾಕಿದ ಬೆಳಕು. ನನ್ನ ಮುಂದಿನ ಸೀಟಿನಲ್ಲಿ ವಯಸ್ಸಾದ ಗಂಡಹೆಂಡತಿ ಕೂತಿದ್ದರು. ಗಂಡ ಮಂಡಕ್ಕಿ ಕಟ್ಟಿಸಿಕೊಳ್ಳೋಣ ಎಂದು ಏಳುತ್ತಿದ್ದ. ಹೆಂಡತಿ ಅವನ ತೋಳು ಹಿಡಿದು ಕೂರಿಸಿದಳು.

"ಅಲ್ಲಿ ಬ್ಯಾಡ್ರಿ. ತತ್ತಿ ಕರಿಯೋ ಬಾಣಲೆ ಅದು."

ನಾನು ಇಳಿದು ಗಾಡಿಯ ಹತ್ತಿರ ಹೋದೆ. ಈಗ ಹೇಳಿಬಿಡಬೇಕು ಎಂದುಕೊಂಡೇ ಹೋದೆ. ಅಕ್ಕ ನನ್ನನ್ನು ನೋಡಿದವಳೇ ಸ್ಟೂಲು ಒರೆಸಿ ಕೂರಿಸಿದಳು. ಒಂದು ಪೇಪರಿನಲ್ಲಿ ಮಂಡಕ್ಕಿ ಹಾಕಿ, ಮೇಲೆ ಈರುಳ್ಳಿ ಉದುರಿಸಿ ಕೈಗೆ ಕೊಟ್ಟಳು. ಎಣ್ಣೆ ಬದಲು ಮಾಡಿದ್ದಾಳಂತೆ, ಮೆಣಸಿನಕಾಯಿಯನ್ನೂ ಬೇರೆ ಕಡೆಯಿಂದ ತರಿಸಿದ್ದಾಳಂತೆ. ನಾನು ತಿನ್ನುವಾಗ ಅವಳು ಜಾಲರಿ ಹಿಡಿದು ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಖರೇ ಹೇಳು ತಮ್ಮ. ಏನೋ ಕೆಟ್ಟೈತೆ. ಗಿರಾಕಿ ಬಾಯಿ ಬಿಡಂಗಿಲ್ಲ, ನೀನಾದ್ರೂ ಹೇಳು."

ಏನೂ ಕೆಟ್ಟಿರಲಿಲ್ಲ. ಅವ್ವ ಮಾಡುತ್ತಿದ್ದ ಹಾಗೆಯೇ ಇತ್ತು. ಹಾಗೆಂದರೆ ಮತ್ತೇಕೆ ಜನ ಬರುತ್ತಿಲ್ಲ ಎಂದು ಕೇಳುತ್ತಾಳೆ, ಕೇಳಿದರೆ ಬೋರ್ಡಿನ ಮಾತು ಬರುತ್ತದೆ, ಭಾವ ಆರಿಸಿದ ಫ್ಲೆಕ್ಸನ್ನು ತಪ್ಪಿಸಿದವನು ನಾನು ಎಂಬುದೂ ಬರುತ್ತದೆ. ಬಾಯಲ್ಲಿ ಮಂಡಕ್ಕಿ ಇಟ್ಟುಕೊಂಡೇ ಅಷ್ಟೆಲ್ಲ ಲೆಕ್ಕ ಹಾಕಿದೆ.

"ಖಾರ ಒಂದೀಟು ಜಾಸ್ತಿ ಆಗೈತೇನೋ ಅಕ್ಕ" ಎಂದೆ.

ಅವಳು ತಲೆಯಾಡಿಸಿದಳು. ಬೇಸರವಾದಂತೆ ಕಾಣಲಿಲ್ಲ, ಕೊನೆಗೂ ಗೊತ್ತಾಯಿತಲ್ಲ ಎಂಬಂತಿತ್ತು. ಇಷ್ಟು ದಿನ ಇದನ್ನು ಯಾಕ ಹೇಳಲಿಲ್ಲ ನೀನು ಎಂದು ಮೆಲ್ಲಗೆ ಗದರಿದಳು.

ನಾನು ಆಮೇಲೆ ಮಾಡಿದ್ದು ಕಳ್ಳನ ಕೆಲಸ. ಬೋರ್ಡಿನ ಬಣ್ಣ ಮಂಕಾಗಿದೆ, ಹೊಸದು ಬರೆದುಕೊಡುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. ಬೋರ್ಡು ಚಲೋ ಇದೆ, ತಪ್ಪಿರುವುದು ತನ್ನ ಕೈಯಲ್ಲಿ, ನೀನು ಸುಮ್ಮನೆ ಬಣ್ಣ ಖರ್ಚು ಮಾಡಬೇಡ ಎಂದಳು. ಆಮೇಲೆ ಒಂದು ಮಧ್ಯಾಹ್ನ ಅವಳು ಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿರುವ ಹೊತ್ತು ನೋಡಿ, ಹೊಸ ತಗಡಿನ ಮೇಲೆ, ಮಾಡಬೇಕಾದ್ದನ್ನೆಲ್ಲ ಮಾಡಿ ಬರೆದ ಬೋರ್ಡನ್ನು ಒಯ್ದು ಗಾಡಿಗೆ ಕಟ್ಟಿದೆ. ಟ್ಯೂಬನ್ನು ಒಂದು ಸರಳಿಗೆ ಸಿಕ್ಕಿಸಿ ಮುಂದಕ್ಕೆ ತಂದೆ, ಬೆಳಕು ಎದುರಿನಿಂದ ಬೀಳುವ ಹಾಗೆ. ಹಳೆಯದನ್ನು ಗೋಣಿಚೀಲದಲ್ಲಿ ಸುತ್ತಿ ವಾಪಸು ತಂದೆ. ಅವಳು ಕೇಳಿದಾಗ ಗಾಳಿಗೆ ಬಿದ್ದು ಬಾಗಿತ್ತು ಎಂದು ಇನ್ನೊಂದು ಸುಳ್ಳು ಹೇಳಿದೆ.

ಜನ ಮೆಲ್ಲಮೆಲ್ಲಗೆ ಬಂದರು. ಮಠದ ಕಡೆಯವರು, ಹುಡುಗಿಯರು, ಎಲ್ಲರೂ. ಗಾಡಿ ಉಳಿಯಿತು, ಇನ್ನು ಹೇಳುವುದೇನಿದೆ ಎಂದು ನಾನು ನೆಮ್ಮದಿ ಮಾಡಿಕೊಂಡೆ. ಅಕ್ಕನಿಗೆ ಅದರ ಅರ್ಥ ಬೇರೆಯೇ ಆಗಿತ್ತು. ಅವಳು ಅವ್ವನ ಖಾರ ಕುಟ್ಟುವುದನ್ನೇ ಬಿಟ್ಟಿದ್ದಳು. ಅಂಗಡಿಯಿಂದ ಪುಡಿಯ ಪೊಟ್ಟಣ ತಂದು, ಒಂದು ಚಮಚ ಇಟ್ಟುಕೊಂಡು ಅಳೆದು ಹಾಕುತ್ತಿದ್ದಳು. ಜನ ತಿರುಗಿ ಬಂದದ್ದು ಅದಕ್ಕೇ ಎಂದು ನಂಬಿದ್ದಳು. ನಾನು ಹೋದಾಗಲೆಲ್ಲ ಆ ಸಪ್ಪೆ ಮಂಡಕ್ಕಿ ತಿಂದು ಚೆನ್ನಾಗಿದೆ ಎನ್ನುತ್ತಿದ್ದೆ.

ಹೀಗೇ ನಡೆದುಹೋಗುತ್ತಿತ್ತೋ ಏನೋ. ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತೇವೆಂದು ಹೇಳಿಕಳಿಸಿದರು. ನಮ್ಮ ಮನೆಯಲ್ಲಿ ಇಂಥ ಯಾವ ಕಾರ್ಯವಾದರೂ ಒಲೆಯ ಮುಂದೆ ಅಕ್ಕ ಇರಬೇಕು. ನನ್ನ ಮದುವೆಯಲ್ಲಿ ಅಡುಗೆಯವರನ್ನು ಬದಿಗೆ ಸರಿಸಿ ಮಂಡಕ್ಕಿಗೆ ಅವಳೇ ಒಗ್ಗರಣೆ ಹಾಕಿದ್ದಳು. ಕರೆಯುವುದೇನು, ಹಿಂದಿನ ದಿನವೇ ಬಾ ಎಂದು ಹೇಳಲು ಫೋನು ಮಾಡಿದೆ. ಬರುತ್ತೇನೆ, ಆದರೆ ತಿಂಡಿ ಹೋಟೆಲಿನಿಂದ ತರಿಸು ಎಂದಳು. ತಮಾಷೆ ಎಂದುಕೊಂಡು ನಕ್ಕೆ.

"ಇಲ್ಲೋ ತಮ್ಮ, ನನ್ನ ಕೈದು ಬ್ಯಾಡ. ಗಾಡ್ಯಾಗೆ ಹೆಂಗೋ ಅಳೆದು ಹಾಕಿ ನಡೆಸ್ತೀನಿ. ಹುಡುಗಿ ವಿಷಯ ಇದು. ನನ್ನಿಂದ ಕೆಡಬಾರದು" ಎಂದಳು.

ಅಳುತ್ತಿರಲಿಲ್ಲ. ಹವಾಮಾನದ ಮಾತು ಹೇಳಿದಷ್ಟು ಸಲೀಸಾಗಿ ಹೇಳಿದಳು. ಫೋನು ಇಟ್ಟ ಮೇಲೆ ಏನಾಯಿತು ಎಂದು ನನ್ನ ಹೆಂಡತಿ ಕೇಳಿದಳು. ಅವಳಿಗೆ ಎಲ್ಲವನ್ನೂ ಹೇಳಿದೆ, ಮೊದಲ ಸಲ. ಕೇಳಿಸಿಕೊಂಡು ಬೈಯಲಿಲ್ಲ. ನನ್ನ ಹತ್ತಿರ ಯಾಕ ಹೇಳ್ತೀರಿ, ಹೇಳಬೇಕಾದವರು ಹರಿಹರದಲ್ಲಿದ್ದಾರೆ ಎಂದು ಹೇಳಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಭಾವ ಮನೆಯಲ್ಲಿರಲಿಲ್ಲ, ಗಾಡಿಯ ಗಾಲಿ ಸರಿಮಾಡಿಸಲು ಹೋಗಿದ್ದರು. ಅಕ್ಕ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಮಂಡಕ್ಕಿ ಕೇರುತ್ತಿದ್ದಳು. ನಾನು ಎದುರಿಗೆ ಕೂತೆ. ಹೇಗೆ ಶುರುಮಾಡುವುದೆಂದು ತಿಳಿಯದೆ ಕಸುಬಿನ ಮಾತಿನಿಂದಲೇ ಶುರುಮಾಡಿದೆ. ಎನಾಮೆಲ್ ಹೇಗೆ ಒಣಗುತ್ತದೆ, ಹಳೆ ಬಣ್ಣದ ಮೇಲೆ ಹೊಸದು ಹೇಗೆ ಕೂರುತ್ತದೆ, ಬೆಳಕು ಓರೆಯಾಗಿ ಬಿದ್ದರೆ ಏನಾಗುತ್ತದೆ. ಇದನ್ನೆಲ್ಲ ನನಗ್ಯಾಕೆ ಹೇಳುತ್ತಿದ್ದಾನೆ ಎಂಬಂತೆ ಅವಳು ನೋಡುತ್ತಿದ್ದಳು, ಕೈ ಮಾತ್ರ ಮೊರ ಆಡಿಸುತ್ತಿತ್ತು. ಎಗ್ ರೈಸ್ ಗಾಡಿಯ ತಗಡು ಎಂದಾಗ ಕೈ ನಿಂತಿತು.

ಉಳಿದದ್ದನ್ನು ನೆಲ ನೋಡಿಕೊಂಡು ಹೇಳಿದೆ. ಬಸ್ಸಿನಲ್ಲಿ ಕಂಡದ್ದನ್ನೂ ಆ ಮುದುಕಿ ಹೇಳಿದ್ದನ್ನೂ ಹೇಳಿದೆ. ಆ ಬೋರ್ಡು ಗಾಳಿಗೆ ಬಿದ್ದಿರಲಿಲ್ಲ ಎಂದೂ ಹೇಳಿದೆ.

ಅಕ್ಕ ಮೊರದ ಅಂಚಿನಲ್ಲಿ ಉಳಿದಿದ್ದ ಮಣ್ಣಿನ ಹರಳೊಂದನ್ನು ಆರಿಸಿ ಹೊರಗೆ ಎಸೆದಳು. ಆಮೇಲೆ ಕೇಳಿದ್ದು ಬೋರ್ಡಿನ ವಿಷಯವನ್ನಲ್ಲ.

"ಅಂದ್ರ ನಾನು ಹಾಕಿದ ಖಾರ ಸರೀನೇ ಇತ್ತಾ?"

"ಸರೀ ಇತ್ತಕ್ಕ."

"ಎಣ್ಣೆ?"

"ಎಣ್ಣೇನೂ."

"ಎಷ್ಟು ಎಣ್ಣೆ ಬದಲು ಮಾಡಿದ್ನಲ್ಲೋ" ಎಂದಳು. ನಗಲು ಹೋಗಿ ಅದು ನಗುವಾಗಲಿಲ್ಲ. "ಬೋರ್ಡು ಕೆಟ್ಟಿದ್ದಕ್ಕೆ ಏನೂ ಅನ್ನಂಗಿಲ್ಲ ನಾನು. ಕೆಲಸದಾಗೆ ಆಗ್ತಾವೆ. ಅವತ್ತು ಗಾಡಿ ಮುಂದ ಕುಂತು ತಿಂದಿಯಲ್ಲ, ನಾನು ಕೇಳಿದ್ನಲ್ಲ ನಿನ್ನ. ಆಗ ಯಾಕ ಹಂಗಂದಿ?"

ಉತ್ತರವೊಂದು ಇರಲಿಲ್ಲ ಎಂದಲ್ಲ. ಹೆದರಿದೆ, ನಾಚಿಕೆಯಾಯಿತು, ಭಾವನ ಮುಂದೆ ಸಣ್ಣವನಾಗುತ್ತೇನೆ ಎಂದುಕೊಂಡೆ, ಇಷ್ಟೆಲ್ಲ ಹೇಳಬಹುದಿತ್ತು. ಇಷ್ಟರಲ್ಲಿ ಒಂದನ್ನು ಹೇಳಿದರೂ ಅವಳೇ ನನ್ನ ಪರವಾಗಿ ಮಾತಾಡಿ ನನ್ನನ್ನು ಸಮಾಧಾನ ಮಾಡುತ್ತಾಳೆಂದು ನನಗೆ ಗೊತ್ತಿತ್ತು. ಅದು ಆಗಬಾರದಿತ್ತು. ನಮ್ಮ ಮನೆಗಳಲ್ಲಿ ಒಡಹುಟ್ಟಿದವರು ಕ್ಷಮೆ ಕೇಳುವ ರೂಢಿಯಿಲ್ಲ. ಒಂದು ಹೊತ್ತು ಮುಖ ತಿರುಗಿಸಿ ಮುಂದಿನ ಹೊತ್ತಿಗೆ ಒಟ್ಟಿಗೆ ಉಣ್ಣುತ್ತೇವೆ, ಮುಗಿಯಿತು. ಆದರೂ ಆ ಮಾತನ್ನು ಅವಳ ಮುಖ ನೋಡಿಯೇ ಹೇಳಿದೆ.

"ತಪ್ಪು ನಂದು ಅಕ್ಕ. ಅವತ್ತು ನಿನ್ನ ಮಂಡಕ್ಕಿ ಅವ್ವ ಮಾಡಿದಂಗೇ ಇತ್ತು. ನನ್ನ ತಪ್ಪು ಮುಚ್ಚಾಕೆ ನಿನ್ನ ಕೈಗೆ ಹೆಸರಿಟ್ಟೆ ನಾನು. ನನ್ನ ಕ್ಷಮಿಸು."